ಚೀನಾ ಸವಾರಿಗೆ ಮುಂಚೆ ಮೂರು ಪರೀಕ್ಷೆ

ದಾರಿ ತಪ್ಪುವವರ ಮನೆಗೆ ದಾರಿ ತೋರಿಸುವ ಯಂತ್ರ ಬಂದರೆ ತಪ್ಪುವುದು ನಿಂತುಹೋಗುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅವರು ಒಮ್ಮೆ ನಮ್ಮ ಮನೆಗೆ ಬರಬೇಕು. ಬರುವ ದಾರಿಯನ್ನು ಮಾತ್ರ ನಮ್ಮನ್ನು ಕೇಳಬಾರದು.

ನಮ್ಮ ಯಜಮಾನರು ಧಾರವಾಡದವರು, ಅಮೆರಿಕದ ಮೇರಿಲ್ಯಾಂಡಿನ ಜರ್ಮನ್‌ಟೌನ್‌ನ ಒಂದು ಲ್ಯಾಬಿನಲ್ಲಿ ಇಂಜಿನಿಯರು. ಐವತ್ತು ತುಂಬಿದ ವರ್ಷ ಮೋಟಾರ್‌ಸೈಕಲ್ ಕೊಂಡರು. ಮರುವರ್ಷ ಚೀನಾದ ಬೆಟ್ಟಗಳಲ್ಲಿ ಹತ್ತು ದಿನ ಬೈಕಿನಲ್ಲೇ ಸುತ್ತಿಸುವ ಒಂದು ಟೂರನ್ನು ಹುಡುಕಿಟ್ಟರು. ಹುಡುಗನಾಗಿದ್ದಾಗ ಅಪ್ಪ ಬೈಕ್ ಮುಟ್ಟಗೊಡಲಿಲ್ಲವಂತೆ. ಆ ಆಸೆ ಮೂವತ್ತು ವರ್ಷ ಒಳಗೇ ಕೂತಿತ್ತು. ದಿನಾ ಊಟದ ಮೇಜಿನ ಮೇಲೆ ಚೀನಾದ ನಕ್ಷೆ ಹರಡಿ, ಅದರ ಮೇಲೇ ಸಾರು ಚೆಲ್ಲುತ್ತಿದ್ದರು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಭೂಗೋಳದಲ್ಲಿ ಸತತ ನಾಲ್ಕು ವರ್ಷ ಬಹುಮಾನ ಪಡೆದವಳು. ಕಣ್ಣು ಮುಚ್ಚಿ ಹೂಂ ಅನ್ನುವುದು ನನ್ನಿಂದಾಗದು. ಷರತ್ತು ಹಾಕಿದೆ: ಮೊದಲು ಇಲ್ಲೇ ಜಿಪಿಎಸ್ ನೋಡಿಕೊಂಡು ಮೂರು ಸವಾರಿ, ಒಂದೊಂದಕ್ಕೂ ಹತ್ತು ಅಂಕ. ಒಟ್ಟು ಹದಿನೈದು ಬಂದರೆ ಚೀನಾ, ಒಂದು ಅಂಕ ಕಡಿಮೆಯಾದರೂ ಬೈಕ್ ಮಾರಾಟ. ಹಿಂದಿನ ಸೀಟಿನಲ್ಲಿ ಕೂತು ಜಿಪಿಎಸ್ ಹಿಡಿಯುವವಳು ನಾನು. ಸ್ಪೀಡಿನಲ್ಲಿ ಅದರ ದನಿ ಕೇಳಿಸದಾದ್ದರಿಂದ ಎಡಕ್ಕಾದರೆ ಅವರ ಎಡಭುಜ, ಬಲಕ್ಕಾದರೆ ಬಲಭುಜ ತಟ್ಟುವವಳೂ ನಾನು. ಅಂಕ ಕೊಡುವವಳೂ ನಾನೇ. ಅಂಕಗಳಿಗೆಂದು ನೀಲಿ ರಟ್ಟಿನ ಒಂದು ನೋಟ್‌ಬುಕ್ ಇಟ್ಟೆ.

೧. ಬೇಲಿಯ ಆಚೆಯ ಊಟ

ಮೊದಲ ಪರೀಕ್ಷೆ ರಾಕ್‌ವಿಲ್‌ಗೆ. ಅಲ್ಲಿ ನಮ್ಮ ಮೈಸೂರಿನವರೇ ಆದ ಒಬ್ಬ ಡಾಕ್ಟರಮ್ಮ ಈದ್ ಊಟಕ್ಕೆ ಕರೆದಿದ್ದರು. ಬರುವ ದಾರಿಯನ್ನು ಪಾಪ ಹತ್ತು ಸಾಲು ಬರೆದು ಕಳಿಸಿದ್ದರು. ನಮ್ಮವರು ಅದನ್ನು ಓದಲೇ ಇಲ್ಲ. ಜಿಪಿಎಸ್ ಇರುವವರು ಕಾಗದ ಓದಿದರೆ ಯಂತ್ರಕ್ಕೆ ಅವಮಾನವಂತೆ.

ಯಂತ್ರ ಒಂದು ಓಣಿಯ ಕೊನೆಗೆ ಕರೆದೊಯ್ದು ನೀವು ತಲುಪಿದ್ದೀರಿ ಎಂದಿತು. ಎದುರಿಗೆ ಆಳೆತ್ತರದ ಮರದ ಬೇಲಿ. ಬೇಲಿಯ ಆಚೆಯಿಂದ ಬಿರಿಯಾನಿಯ ಘಮ, ನಗು, ತಟ್ಟೆಗಳ ಸದ್ದು. ನಾವು ಬಂದಿದ್ದು ಮನೆಯ ಹಿತ್ತಲಿಗೆ. ಮುಂಬಾಗಿಲು ಬೇರೆ ಬೀದಿಯಲ್ಲಿತ್ತು. ಆ ಬೀದಿಗೆ ಹೋಗುವ ಸೇತುವೆಯನ್ನು ರಿಪೇರಿಗೆಂದು ಮುಚ್ಚಿದ್ದರು, ಮೂರು ಮೈಲಿ ಸುತ್ತಬೇಕಿತ್ತು.

ಬೇಲಿಯ ಸಂದಿನಲ್ಲಿ ಎರಡು ಹೆಲ್ಮೆಟ್ ಕಂಡು ಡಾಕ್ಟರಮ್ಮ ಹತ್ತಿರ ಬಂದರು. ನಮ್ಮ ಪರಿಸ್ಥಿತಿ ಹೇಳಿದೆ. ಅವರು ಆಪರೇಷನ್ ಥಿಯೇಟರಿನಲ್ಲಿ ಮಾತಾಡುವ ಹಾಗೇ ಶಾಂತವಾಗಿ ಹೇಳಿದರು: "ನೀವು ಸುತ್ತಿಕೊಂಡು ಬರೋಷ್ಟರಲ್ಲಿ ಊಟ ಆರಿಹೋಗುತ್ತೆ ಮೇಡಂ. ಅಲ್ಲೇ ನಿಂತ್ಕೊಳ್ಳಿ, ನಿಮಗೆ ಅಂತ ಬೇರೆ ಮಾಡಿಸಿರೋ ಚಿತ್ರಾನ್ನ ಕೊಡ್ತೀನಿ."

ಒಂದೊಂದಾಗಿ ತಟ್ಟೆಗಳು ಬೇಲಿ ದಾಟಿ ಬಂದವು. ಬೈಕಿನ ಸೀಟೇ ಮೇಜಾಯಿತು. ಮೇಜಿನ ಮೇಲೆ ಮೊಣಕೈ ಇಡಬಾರದೆಂದು ಮಗಳಿಗೆ ಹದಿನಾರು ವರ್ಷ ಹೇಳಿಕೊಟ್ಟ ನಾನು ಬೀದಿಯಲ್ಲಿ ನಿಂತು ಶೀರ್‌ಖುರ್ಮಾ ಪಾಯಸ ಕುಡಿದೆ. ಮನೆ ಮುಟ್ಟಿಲ್ಲವೆಂದು ನಾನು, ಮುಟ್ಟಿದ್ದೇವೆಂದು ನಮ್ಮವರು. "ಊಟ ಆತಿಲ್ಲೋ? ಊಟ ಆದಮ್ಯಾಲ ಮನಿ ಮುಟ್ಟಿಲ್ಲ ಅಂತ ಹೆಂಗ ಅಂತೀ?"

ಹತ್ತಕ್ಕೆ ಐದು ಕೊಟ್ಟೆ. ಐದೂ ಚಿತ್ರಾನ್ನಕ್ಕೆ.

೨. ಉತ್ತರ ದಿಕ್ಕು ಯಾವಾಗಲೂ ಮೇಲೆ

ಎರಡನೆಯದು ನಾರ್ತ್ ಕ್ಯಾರೊಲೈನಾಕ್ಕೆ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಹತ್ತಿರ ಇರುವ ಅವರ ತಮ್ಮನ ಮನೆಗೆ. ಹೊರಡುವ ಮುಂಚೆ ಜಿಪಿಎಸ್‌ನಲ್ಲಿ ಒಂದು ದೊಡ್ಡ ದೋಷ ನನ್ನ ಕಣ್ಣಿಗೆ ಬಿತ್ತು. ನಾವು ತಿರುಗಿದಂತೆಲ್ಲ ಅದರೊಳಗಿನ ನಕ್ಷೆಯೂ ತಿರುಗುತ್ತಿತ್ತು. ನಮ್ಮ ಭೂಗೋಳದ ಸಿಸ್ಟರ್ ಇದನ್ನು ನೋಡಿದ್ದರೆ ಯಂತ್ರವನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಕ್ಷೆಯಲ್ಲಿ ಉತ್ತರ ಮೇಲಿರಬೇಕು. ಸೆಟ್ಟಿಂಗ್ ಹುಡುಕಿ ಸರಿಪಡಿಸಿದೆ.

ಹೈವೇಯಲ್ಲಿ ಇರುವಷ್ಟು ಹೊತ್ತು ಏನೂ ಆಗಲಿಲ್ಲ. ಹೈವೇ ಇಳಿದ ಮೇಲೆ ಶುರುವಾಯಿತು. ನಾವು ಹೋಗುತ್ತಿದ್ದದ್ದು ದಕ್ಷಿಣಕ್ಕೆ. ಪರದೆಯಲ್ಲಿ ರಸ್ತೆ ಎಡಕ್ಕೆ ಹೊರಳಿದಾಗ ಎಡಭುಜ ತಟ್ಟಿದೆ. ಉತ್ತರ ಮೇಲಿರುವ ನಕ್ಷೆಯಲ್ಲಿ ಕೆಳಮುಖವಾಗಿ ಹೋಗುವವರಿಗೆ ಎಡ ಬಲವಾಗುತ್ತದೆ ಎನ್ನುವುದು ಬಹುಮಾನ ಪಡೆದ ನನ್ನ ತಲೆಗೆ ಹೊಳೆಯಲೇ ಇಲ್ಲ. ಪ್ರತಿ ತಿರುವಿನಲ್ಲೂ ತಪ್ಪು ಭುಜವನ್ನೇ ಪೂರ್ತಿ ಆತ್ಮವಿಶ್ವಾಸದಿಂದ ತಟ್ಟುತ್ತ ಹೋದೆ.

ಡಾಂಬರು ಮುಗಿಯಿತು, ಜಲ್ಲಿ ಮುಗಿಯಿತು, ಕೊನೆಗೆ ಗೆಣಸಿನ ಹೊಲದ ನಡುವೆ ಬೈಕ್ ನಿಂತಿತು. ಪಕ್ಕದಲ್ಲೇ ಒಂದು ಪುಟ್ಟ ಚರ್ಚು, ಮರದ ಕೆಳಗೆ ಅವರ ಭಾನುವಾರದ ಊಟ. ಹ್ಯಾಟು ತೊಟ್ಟ ಒಬ್ಬ ಅಜ್ಜಿ ನಮ್ಮ ಕೈಗೆ ಐಸ್ ಹಾಕಿದ ಸಿಹಿ ಟೀ ಕೊಟ್ಟು, ಜಿಪಿಎಸ್ ನೋಡಿ, ಇದನ್ನು ತಲೆಕೆಳಗು ಹಿಡಿದಿದ್ದೀಯಲ್ಲ ಮಗಳೇ ಎಂದರು. ನಾನು ಬಹಳ ವಿನಯದಿಂದ ಅವರಿಗೆ ದಿಕ್ಕುಗಳ ನಿಯಮ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಯಂತ್ರವನ್ನು ನನ್ನ ಕೈಯಲ್ಲೇ ತಲೆಕೆಳಗು ಮಾಡಿದರು. ಎಲ್ಲ ತಿರುವುಗಳೂ ಸರಿಯಾದವು.

ಮೈದುನನ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ನೋಟ್‌ಬುಕ್ ತೆಗೆದೆ. ನಮ್ಮವರು ಹೆಲ್ಮೆಟ್ ಕೂಡ ಬಿಚ್ಚದೆ ಹೇಳಿದರು: "ಈ ಪೇಪರ್ ನಂದಲ್ಲ, ನಿಂದು. ನಾ ಬರೇ ಭುಜ."

ಭುಜಕ್ಕೆ ಏಳು ಅಂಕ ಕೊಡಲೇಬೇಕಾಯಿತು.

೩. ಅದೇ ಹೆಸರಿನ ಇನ್ನೊಂದು ರಸ್ತೆ

ಮೂರನೆಯದಕ್ಕೆ ಮೂರೇ ಅಂಕ ಸಾಕಿತ್ತು. ಅಟ್ಲಾಂಟಾದಲ್ಲಿ ಅವರ ಹಳೇ ಸ್ನೇಹಿತರ ಮಗನ ಗೃಹಪ್ರವೇಶ. ಮಗ ಸೊಸೆಯ ಮುಖ ನಾವು ನೋಡಿರಲಿಲ್ಲ. ಎರಡು ದಿನದ ದಾರಿ. ರೇಷ್ಮೆ ಸೀರೆ, ಬೆಳ್ಳಿ ಬಟ್ಟಲು ಎರಡೂ ಬೈಕಿನ ಪೆಟ್ಟಿಗೆಯಲ್ಲಿ.

ಅಟ್ಲಾಂಟಾದಲ್ಲಿ ಎರಡರಲ್ಲಿ ಒಂದು ರಸ್ತೆಗೆ ಪೀಚ್‌ಟ್ರೀ ಎಂದೇ ಹೆಸರು. ಪೀಚ್‌ಟ್ರೀ ರೋಡು, ಪೀಚ್‌ಟ್ರೀ ಲೇನು, ಪೀಚ್‌ಟ್ರೀ ಪ್ಲೇಸು. ಜಿಪಿಎಸ್ ಉದ್ದ ಪಟ್ಟಿ ಕೊಟ್ಟಿತು, ನಮ್ಮವರು ಮೊದಲನೆಯದನ್ನು ಒತ್ತಿದರು. ಮುಟ್ಟಿದ ಮನೆಯ ಬಾಗಿಲಿಗೆ ಮಾವಿನೆಲೆಯ ತೋರಣ, ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ, ಒಳಗೆ ಮಂತ್ರ. ಸಂಶಯಪಡಲು ಏನಿದೆ? ಕೆಳಗಿನ ಬಾತ್‌ರೂಮಿನಲ್ಲಿ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತೆ. ಎಲ್ಲರೂ ತೆಲುಗು ಮಾತಾಡುತ್ತಿದ್ದರು. ಸೊಸೆಯ ಕಡೆಯವರು ಎಂದುಕೊಂಡೆ. ಸ್ನೇಹಿತರು ಕಾಣದಿದ್ದಾಗ, ಅಡುಗೆಯವರ ಹಿಂದೆ ಓಡಾಡುತ್ತಿರಬೇಕು ಎಂದುಕೊಂಡರು ನಮ್ಮವರು. ಅಕ್ಷತೆ ಹಾಕಿ, ಬೆಳ್ಳಿ ಬಟ್ಟಲು ಕೊಟ್ಟು, ಊಟಕ್ಕೆ ಕೂತೆವು. ಪುಳಿಹೋರ, ಅಂದರೆ ಅವರ ಪುಳಿಯೋಗರೆ, ಎರಡನೇ ಸಲ ಬಡಿಸುವಾಗ ಸ್ನೇಹಿತರ ಫೋನು ಬಂತು.

"ಎಲ್ಲಿದೀಯೋ ಮಾರಾಯ?"

"ನಿಮ್ಮ ಮನ್ಯಾಗನ ಊಟಕ್ಕ ಕೂತೀನಿ. ನೀ ಎಲ್ಲಿದೀ?"

"ನಮ್ಮ ಮನೆ ಬಾಗಿಲಲ್ಲೇ ನಿಂತು ನಿನ್ನ ದಾರಿ ಕಾಯ್ತಾ ಇದೀನಿ."

ನಮ್ಮವರ ಕೈ ಎಲೆಯ ಮೇಲೇ ನಿಂತಿತು. ಬೆಳ್ಳಿ ಬಟ್ಟಲು ಆಗಲೇ ದೇವರ ಮುಂದೆ ಕೂತಿತ್ತು. ವಾಪಸ್ ಕೇಳುವುದು ಯಾವ ಕಾನ್ವೆಂಟಿನಲ್ಲೂ ಕಲಿಸುವುದಿಲ್ಲ. ಮನೆಯೊಡತಿಗೆ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಆಕೆ ನಕ್ಕು ನಕ್ಕು ಸುಸ್ತಾಗಿ, ನೀವು ಇವರ ಆಫೀಸಿನವರೆಂದು ನಾನೂ, ನನ್ನ ಬಂಧುಗಳೆಂದು ಇವರೂ ತಿಳಿದಿದ್ದೆವು ಎಂದರು. ಕುಂಕುಮ, ರವಿಕೆ ಬಟ್ಟೆ ಕೊಟ್ಟು ಕಳಿಸಿದರು. ಆ ರವಿಕೆ ಬಟ್ಟೆಯನ್ನೇ ಸರಿಯಾದ ಮನೆಯಲ್ಲಿ ಉಡುಗೊರೆಯಾಗಿ ಕೊಟ್ಟೆವು.

ನಾನು ಸೊನ್ನೆ ಬರೆಯಲು ಪೆನ್ನು ತೆಗೆದೆ. ನಮ್ಮವರು ಬೈಕಿನ ಸೀಟನ್ನು ಒಂದು ಸಲ ಸವರಿದರು. ಪುಳಿಹೋರ ನಿಜಕ್ಕೂ ಚೆನ್ನಾಗಿತ್ತು. ಮೂರು ಬರೆದೆ.

೪. ಸದಾ ಎದುರಿಗೇ ಇದ್ದ ಹೋಟೆಲು

ಚೀನಾಕ್ಕೆ ಹೊರಡುವ ಬೆಳಿಗ್ಗೆ ಪೂಜೆ ಮಾಡಿದೆ. ಹೆಲ್ಮೆಟ್‌ಗಳಿಗೆ ನಾನು ಕುಂಕುಮ ಇಟ್ಟೆ, ಜಿಪಿಎಸ್‌ಗೆ ಇಡು ಎಂದು ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ಹೇಳಿದೆ. ಎಲ್ಲಿ ಇಡಲಿ ಎಂದಳು. ಹಣೆಗೆ ಇಡು, ಅದನ್ನೂ ಕೇಳುತ್ತಾರೆಯೇ ಎಂದೆ. ಅವಳು ಇಟ್ಟು, ಮಳೆ ತಾಗದ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಟ್ಟಳು.

ಚೀನಾದ ಯುನ್ನಾನ್ ಪ್ರಾಂತದಲ್ಲಿ ಬಾಡಿಗೆ ಬೈಕು, ತಾತ್ಕಾಲಿಕ ಲೈಸೆನ್ಸು ಎಲ್ಲ ಟೂರಿನವರದೇ. ನಮ್ಮ ಗೈಡ್ ಇಂಗ್ಲಿಷ್ ಬಲ್ಲ ಗಟ್ಟಿ ಹೆಂಗಸು. ಆಕೆಯ ನಿಯಮಗಳು ನನಗೆ ಬಹಳ ಹಿಡಿಸಿದವು. ಸಂಜೆ ಐದರೊಳಗೆ ಹೋಟೆಲ್ ಸೇರದವರ ಬೈಕನ್ನು ವಾಪಸ್ ಪಡೆದು, ಉಳಿದ ದಿನವೆಲ್ಲ ಸಾಮಾನಿನ ವ್ಯಾನಿನಲ್ಲಿ ಕೂರಿಸಲಾಗುವುದು. ಟೂರಿನವರು ಮೊದಲೇ ಕಳಿಸಿ ನಮ್ಮ ಜಿಪಿಎಸ್‌ಗೆ ತುಂಬಿಸಿದ್ದ ಚೀನೀ ನಕ್ಷೆಯಲ್ಲಿ ಆ ದಿನದ ಹೋಟೆಲು ಕೆಂಪು ಚುಕ್ಕೆಯಾಗಿ ಕಾಣುವುದು. ಅಲ್ಲಿನ ಸರಕಾರದ ನಿಯಮದಂತೆ ನಕ್ಷೆಗಳನ್ನು ಸ್ವಲ್ಪ ಸರಿಸಿರುತ್ತಾರಾದ್ದರಿಂದ, ನೀವು ನೀರಿನಲ್ಲಿ ಹೋಗುತ್ತಿರುವಂತೆ ಕಂಡರೂ ಹೆದರಬಾರದು.

ಮೂರು ದಿನ ಎಲ್ಲರ ಹಿಂದೆ ಹೋದೆವು, ಜಿಪಿಎಸ್ ಚೀಲದಿಂದ ಹೊರಬರಲೇ ಇಲ್ಲ. ನಾಲ್ಕನೆಯ ದಿನ ಒಂದು ಕಣಿವೆಯ ಫೋಟೋ ತೆಗೆಯಲು ನಿಂತು ಹಿಂದುಳಿದೆವು. ಜಿಪಿಎಸ್ ಹೊರತೆಗೆದೆ. ನಾರ್ತ್ ಕ್ಯಾರೊಲೈನಾದ ಅಜ್ಜಿಯ ಪಾಠದ ನಂತರ ಉತ್ತರ ಮೇಲಿಡುವುದನ್ನು ಬಿಟ್ಟಿದ್ದೆ. ನಾವು ಹೋಗುವ ದಿಕ್ಕೇ ಮೇಲೆ. ನಕ್ಷೆಯಲ್ಲಿ ನಾವು ನದಿಯ ನಟ್ಟನಡುವೆ ಇದ್ದೆವು. ನೇರ ಎದುರಿಗೆ, ಪರದೆಯ ಮೇಲ್ಗಡೆ, ದೊಡ್ಡ ಕೆಂಪು ಚುಕ್ಕೆ.

"ನೇರ ಹೋಗಿ," ಎಂದೆ.

ಹೋದರು. ಎಡಕ್ಕೆ ಒಂದು ರಸ್ತೆ ಬಂತು, ಬಲಕ್ಕೆ ಎರಡು. ಚುಕ್ಕೆ ನೇರದಲ್ಲೇ ಇತ್ತು. ರಸ್ತೆ ಬಳುಕಿದರೂ ಚುಕ್ಕೆ ನೇರದಲ್ಲೇ. ಇಷ್ಟು ಸ್ಪಷ್ಟವಾದ ದಾರಿ ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಯಂತ್ರದೊಳಗಿನ ಚೀನೀ ಹೆಂಗಸು ಮಾತ್ರ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಹೇಳಿದ್ದನ್ನೇ ಹೇಳುವವರನ್ನು ನಾನು ಸಹಿಸುವುದಿಲ್ಲ, ದನಿ ಆರಿಸಿದೆ.

"ಇನ್ನ ಎಷ್ಟ ದೂರ ಅದ?" ಎಂದು ಅವರು ಒಂದು ಗಂಟೆಗೆ ಕೇಳಿದರು, ಎರಡಕ್ಕೆ ಕೇಳಿದರು, ಮೂರೂವರೆಗೂ ಕೇಳಿದರು. ಚುಕ್ಕೆ ಪರದೆಯಲ್ಲಿ ಇಂಚಿನಷ್ಟು ದೂರದಲ್ಲಿತ್ತು. ಇಂಚಿನಷ್ಟು ಎಂದೇ ಹೇಳಿದೆ. ಅವರು ಗಡಿಯಾರ ನೋಡಿದರು. ನಾಲ್ಕಕ್ಕೆ ಮತ್ತೆ ನೋಡಿದರು. ನನ್ನ ಕಣ್ಣ ಮುಂದೆ ಬಂದದ್ದು ಸಾಮಾನಿನ ವ್ಯಾನು, ಅದರೊಳಗೆ ಸೂಟ್‌ಕೇಸುಗಳ ನಡುವೆ ಕೂತ ನನ್ನ ಗಂಡ.

ನಾಲ್ಕೂವರೆಗೆ ರಸ್ತೆ ಒಂದು ಕೆರೆಯ ದಂಡೆಯ ಹೋಟೆಲಿನ ಅಂಗಳದಲ್ಲಿ ಮುಗಿಯಿತು. ಚುಕ್ಕೆ ಮಾತ್ರ ಇನ್ನೂ ಮುಂದೆ, ಕೆರೆಯ ಒಳಗೆ ಕರೆಯುತ್ತಿತ್ತು. ಅವರು ಬೈಕ್ ನಿಲ್ಲಿಸುತ್ತಿದ್ದಾಗ ನಾನು ಕವರ್ ಬಿಚ್ಚಿ, ಪರದೆ ಒರೆಸಿದೆ. ನಾವು ಅರ್ಧ ದಿನ ಬೆನ್ನಟ್ಟಿದ ಹೋಟೆಲು ನನ್ನ ಕರವಸ್ತ್ರಕ್ಕೆ ಬಂತು.

ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟೆ.

ಹೋಟೆಲಿನವಳಿಗೆ ಟೂರಿನ ಪಟ್ಟಿ ತೋರಿಸಿದೆವು. ಅವಳು ನಗುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟು, ನಮ್ಮ ಗೈಡಿಗೆ ಫೋನ್ ಮಾಡಿಕೊಟ್ಟಳು. ಗೈಡ್ ಹೇಳಿದ್ದನ್ನು ಕೇಳಿ ನಮ್ಮವರ ಮುಖ ಅರಳಿತು. ಅದು ನಾಳೆಯ ಹೋಟೆಲು. ಇವತ್ತಿನದನ್ನು ನಾವು ಮೊದಲ ಅರ್ಧ ಗಂಟೆಯಲ್ಲೇ ದಾಟಿಬಂದಿದ್ದೆವು. ಜಿಪಿಎಸ್‌ನ ದನಿ ಮತ್ತೆ ಹಚ್ಚಿ ಗೈಡಿಗೆ ಕೇಳಿಸಿದೆವು; ಯಂತ್ರದೊಳಗಿನ ಹೆಂಗಸು ಹೇಳುತ್ತಿದ್ದದ್ದು 'ಹಿಂದಕ್ಕೆ ತಿರುಗಿ' ಎಂದಂತೆ. ನಮ್ಮವರು ಗೈಡಿಗೆ ಇಂಗ್ಲಿಷಿನಲ್ಲಿ ವಕೀಲರ ಹಾಗೆ ವಾದಿಸಿದರು: ನಿಯಮ ಇರುವುದು ತಡವಾಗಿ ಬಂದವರಿಗೆ, ನಾವು ಒಂದು ದಿನ ಮುಂಚೆ ಬಂದಿದ್ದೇವೆ. ನಿಯಮ ಪಾಲಿಸುವ ಹೆಂಗಸು, ಒಪ್ಪಲೇಬೇಕಾಯಿತು. ಬೈಕ್ ಉಳಿಯಿತು.

ಊಟಕ್ಕೆ ಕೂತಿದ್ದಾಗ ಮಗಳು ವಿಡಿಯೋ ಕಾಲ್ ಮಾಡಿದಳು. ಜಿಪಿಎಸ್ ನಮ್ಮನ್ನು ಒಂದು ದಿನ ಮುಂದಕ್ಕೆ ಕರೆತಂದ ಪವಾಡವನ್ನು ಅಪ್ಪ ವರ್ಣಿಸುತ್ತಿದ್ದರು. ಅವಳು ನಡುವೆ ಬಾಯಿ ಹಾಕಿದಳು. "ಅಮ್ಮ, ಸಾರಿ. ನಾನು ಕುಂಕುಮ ಸ್ಕ್ರೀನ್ ಮೇಲೇ ಇಟ್ಟುಬಿಟ್ಟೆ. ಅದರ ಹಣೆ ಅದೇ ಅಲ್ವಾ? ಟಾಪ್‌ನಲ್ಲಿ, ಮಿಡಲ್‌ನಲ್ಲಿ. ಇಟ್ಸ್ ಓಕೆ, ರೈಟ್?"

ನಮ್ಮವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಗಂಭೀರವಾಗಿ ನೂಡಲ್ಸ್ ಸುತ್ತುತ್ತಿದ್ದೆ. ಅವರು ಕೈ ಚಾಚಿದರು. ಕರವಸ್ತ್ರ ಕೊಟ್ಟೆ. ಬಿಡಿಸಿ ನೋಡಿದರು, ಮತ್ತೆ ಮಡಿಸಿದರು. ಆಮೇಲೆ ನನ್ನ ಚೀಲದಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು, ಹೊಸ ಪುಟದಲ್ಲಿ ನನ್ನ ಹೆಸರು ಬರೆದು, ಕೆಳಗೆ ಎರಡು ಸಾಲು ಸೇರಿಸಿ ನನ್ನ ಮುಂದೆ ತಳ್ಳಿದರು.

ಭೂಗೋಳ: ಸೊನ್ನೆ.
ದೈವಭಕ್ತಿ: ಹತ್ತಕ್ಕೆ ಹತ್ತು.

ಓದಿದೆ. ಕೈಬರಹ ಸ್ವಲ್ಪವೂ ಚೆನ್ನಾಗಿರಲಿಲ್ಲ. ಅದಕ್ಕೆ ಅವರ ಹದಿನೈದರಲ್ಲಿ ಒಂದು ಅಂಕ ಕಳೆದೆ.