ಐದನೆಯ ಕರಿಗಾಜು

ಎರಡು ದಿನ ತವರಿನಲ್ಲಿದ್ದು ಬೆಳಿಗ್ಗೆ ಮರಳಿದ ಹೆಂಡತಿಯನ್ನು ಅವನು ಬಾಗಿಲಲ್ಲೇ "ಬಂದ್ಯಾ?" ಎಂದು ಕೇಳಿದ್ದೇ ತಪ್ಪಾಯಿತು. ಆಕೆ ಮೂಗು ಮುಚ್ಚಿಕೊಂಡಳು.

"ಥೂ, ಬೆಳ್ಳುಳ್ಳಿ! ನಾನಿಲ್ದಾಗ ಹೊರಗಿನ ಊಟ ಅಷ್ಟು ರುಚಿಸ್ತಾ? ನನ್ನ ಅಡುಗೆ ಸೇರಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ರಿ."

"ನಾನೇನೂ ತಿಂದಿಲ್ಲ ಕಣೇ..."

"ಈಗ ಬಾಯಿ ಬಿಡಬೇಡಿ!"

ಪ್ರಯೋಗಾಲಯದಲ್ಲಿ ಅವನಿಗೆ ಕರಿಗಾಜು ಎಂದೇ ಹೆಸರು. ಸೆಲೆನಿಯಂ, ಜರ್ಮೇನಿಯಂಗಳನ್ನು ಬಾಯಿ ಬೆಸೆದ ಕೊಳವೆಯೊಳಗೆ ಕರಗಿಸಿ ಅವನು ಮಾಡುವ ಗಾಜು ನೋಡಲು ಇದ್ದಿಲಿನ ತುಂಡು. ಆದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಅದರೊಳಗೆ ಸಲೀಸಾಗಿ ಹಾಯುತ್ತಿತ್ತು. ಅದಕ್ಕೆ ಟೆಲ್ಲೂರಿಯಂ ಎಂಬ ಮೂರನೆಯ ಧಾತುವನ್ನು ಹೆಚ್ಚಿಸುತ್ತ ಹೋದಂತೆ, ಗಾಜು ಬೆಳಕನ್ನು ಹೀರಲು ಬೇಕಾದ ಶಕ್ತಿ ಮೆಟ್ಟಿಲಿಳಿದಂತೆ ಇಳಿಯಬೇಕು. ನಾಲ್ಕು ಗಾಜುಗಳಲ್ಲಿ ಇಳಿಯಿತು. ಮೊನ್ನೆ ಕರಗಿಸಿದ ಐದನೆಯದರಲ್ಲಿ ಏಕಾಏಕಿ ಮೇಲೇರಿತು! ಪರಮಾಣುಗಳು ಯಾರೂ ಕಾಣದ ರೀತಿಯಲ್ಲಿ ಕೈಕೈ ಹಿಡಿದಿವೆಯೆಂದು ನಿನ್ನೆಯಿಡೀ ಕೂತು ಇಪ್ಪತ್ತು ಪುಟ ಬರೆದಿದ್ದ. ಹೊರಗಿನಿಂದ ಬರುವ ಪರೀಕ್ಷಕರು ಇವತ್ತು ಒಪ್ಪಿದರೆ ಕೆಲಸ ಕಾಯಂ. ಇಲ್ಲದಿದ್ದರೆ ನಾಳೆಯಿಂದ ಭಾವಮೈದುನನ ಗೋದಾಮಿನಲ್ಲಿ ಮೂಟೆ ಎಣಿಸಬೇಕು.

ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗಿ ನಿಂತುಕೊಂಡರು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವನನ್ನು ಕಂಡದ್ದೇ ಕಿಟಕಿ ತೆರೆದು, "ಪರೀಕ್ಷಕರಿಂದ ಎರಡು ಮಾರು ದೂರ ನಿಂತು ಮಾತಾಡಪ್ಪಾ" ಎಂದರು.

"ಲವಂಗ ಅಗಿ ತಮ್ಮಾ, ವಾಸನೆ ಸತ್ತೇ ಹೋಗತ್ತೆ" ಎಂದು ಉಗ್ರಾಣದವನು ಒಂದು ಹಿಡಿ ಕೊಟ್ಟ. ಅಷ್ಟನ್ನೂ ಅಗಿದ. ವಾಸನೆ ಸಾಯಲಿಲ್ಲ, ನಾಲಿಗೆ ಸತ್ತಿತು. ಅಷ್ಟರಲ್ಲಿ ಪರೀಕ್ಷಕರು ಬಂದು ಕೂತರು.

"ತೆಯ್ಯೂಯಿಯಂ ಹೆಚ್ಚಿದಂತೆ..." ಎಂದು ಅವನು ದೂರದಿಂದಲೇ ಶುರುಮಾಡಿದ.

"ಏನಂದ್ರಿ? ಹತ್ತಿರ ಬನ್ನಿ."

ಒಂದು ಹೆಜ್ಜೆ ಇಟ್ಟ. ಅರ್ಥವಾಗಲಿಲ್ಲ. ಇನ್ನೊಂದು ಇಟ್ಟ. ಪರೀಕ್ಷಕರ ಮೂಗು ಅರಳಿತು. ಆಮೇಲೆ ಮುಖವೂ ಅರಳಿತು.

"ಅಯ್ಯೋ, ಈ ವಾಸನೆ! ಮೂವತ್ತು ವರ್ಷದ ಹಿಂದೆ ನನಗೂ ಹಿಂಗೇ ಆಗಿತ್ತು. ಯಾರೂ ನಂಬ್ಲಿಲ್ಲ. ಇದು ಬೆಳ್ಳುಳ್ಳಿ ಅಲ್ಲವೇ ಅಲ್ಲ!"

ಅವನ ಕಣ್ಣು ತುಂಬಿ ಬಂತು. ಬೆಳಗಿನಿಂದ ಅವನನ್ನು ನಂಬಿದ ಮೊದಲ ಮನುಷ್ಯ ಇವರೇ.

"ಟೆಲ್ಲೂರಿಯಂ ಹೊಗೆ ಚೂರು ಒಳಗೆ ಹೋದ್ರೂ ಉಸಿರು ಹಿಂಗೇ ನಾರುತ್ತೆ. ಕೊನೇಲಿ ಕರಗಿಸಿದ್ದು ಯಾವ ಗಾಜು?"

ಅವನು ಐದು ಬೆರಳು ತೋರಿಸಿದ.

"ಕೊಳವೆ ಬಾಯಿ ಬೆಸೆದಿದ್ದು ಯಾರು?"

"ನಾನೇ ಸಾಯ್. ಬೆಸೆಯೋಯು ಯಜೆ ಹಾಕಿದ್ಯು."

ಪರೀಕ್ಷಕರು ಇಪ್ಪತ್ತು ಪುಟಗಳನ್ನೂ ಮೆಲ್ಲಗೆ ಮುಚ್ಚಿದರು. "ಹಂಗಾದ್ರೆ ಕೊಳವೆ ಸೋರಿದೆ. ನೀವು ತೂಗಿ ಹಾಕಿದಷ್ಟು ಟೆಲ್ಲೂರಿಯಂ ಐದನೇ ಗಾಜಲ್ಲಿ ಉಳಿದೇ ಇಲ್ಲ. ಅದಕ್ಕೇ ಅಳತೆ ಮೇಲೇರಿದೆ. ಹೊಸ ರಚನೆ ಗಿಚನೆ ಏನೂ ಇಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಲೋಕ ಅಳುತ್ತದೆ. ಅವನದು ಬಾಯಿಗೇ ಬಂದಿತ್ತು. ಇಂಗು ತಿಂದ ಮಂಗನಂತೆ ನಿಂತು, ಮೇಡಂ ಕಡೆ ನೋಡಿ ಕೇಳಿದ: "ಇನ್ನೆಷ್ಟು ದಿನ?"

"ಮೂರು ತಿಂಗಳಾದ್ರೂ ಇರುತ್ತೆ" ಎಂದರು ಪರೀಕ್ಷಕರು.

ಅವನ ಜೀವ ಮರಳಿ ಬಂತು. "ಕೆಯಸಾನಾ ಸಾಯ್?"

"ವಾಸನೆ" ಎಂದರು ಮೇಡಂ. "ಕೆಲಸ ಇವತ್ತಿಗೇ ಮುಗೀತು."