ಅಮ್ಮನ ಹಾದಿಗೆ ಅಡ್ಡವಿದ್ದ ಪುಸ್ತಕದ ಬೀರು

ಮೂಢನಂಬಿಕೆಯನ್ನು ಬೇರುಸಹಿತ ಕಿತ್ತೊಗೆಯಿರೆಂದು ಭಾಷಣ ಮಾಡುವವನು ಮೊದಲು ತನ್ನ ಮನೆಯ ಹಿಂಬಾಗಿಲನ್ನು ನೋಡಿಕೊಳ್ಳುವುದು ಕ್ಷೇಮ. ನಾನು ನೋಡಿಕೊಳ್ಳಲಿಲ್ಲ. ರಾಯದುರ್ಗದ ಬೆಟ್ಟದಡಿಯ ನಮ್ಮೂರಿನಲ್ಲಿ ಅಮಾವಾಸ್ಯೆಯ ಸಂಜೆ ಕೆಲವು ಮನೆಗಳವರು ಮುಂಬಾಗಿಲು ಹಿಂಬಾಗಿಲುಗಳೆರಡನ್ನೂ ತೆರೆದಿಟ್ಟು, ನಡುಮನೆಯಲ್ಲಿ ಅಡ್ಡ ಕೂರದೆ ಗೋಡೆಗೆ ಆತು ನಿಲ್ಲುತ್ತಾರೆ. ಕೋಟೆಯ ಬುರುಜಿನಿಂದ ಮಾರಮ್ಮನ ಕಲ್ಲಿಗೆ, ಅಲ್ಲಿಂದ ಕೆರೆಯ ತೂಬಿಗೆ ದೇವಿ ನೆಟ್ಟಗೆ ನಡೆಯುತ್ತಾಳಂತೆ. ಅದು ಅಮ್ಮನ ಹಾದಿ. ನನ್ನ ಬಾಡಿಗೆ ಮನೆಯೂ ಆ ಹಾದಿಯಲ್ಲಿದೆಯೆಂದು ಕೇಳಿದೊಡನೆ ಹಿಂಬಾಗಿಲಿಗೆ ಪುಸ್ತಕದ ಬೀರುವನ್ನು ಅಡ್ಡ ನಿಲ್ಲಿಸಿದೆ. “ಬಂದವಳು ನಾಲ್ಕು ಒಳ್ಳೆಯ ಪುಸ್ತಕ ಓದಿಕೊಂಡು ಹೋಗಲಿ” ಎಂದೆ. ಹೆಂಡತಿ ರುದ್ರಮ್ಮ ನಗಲಿಲ್ಲ.

ಹಾದಿ ನಿರುಪದ್ರವಿಯಾಗಿದ್ದರೆ ಸುಮ್ಮನಿರುತ್ತಿದ್ದೆ. ಊರಾಚೆಯ ಕೇರಿಯ ಹನುಮಕ್ಕ ಊರಬಾವಿಯ ಬಳಿ ಖಾಲಿ ಕೊಡವಿಟ್ಟುಕೊಂಡು, “ನೀರ್ ಹಾಕ್ರವ್ವಾ” ಎಂದು ಬಿಸಿಲಲ್ಲಿ ಕಾಯಬೇಕು. ಇದು ಅನ್ಯಾಯ, ಅನ್ಯಾಯವೆಂದೇ ಕರೆಯಬೇಕು. ತಾಲ್ಲೂಕು ಬೋರ್ಡಿನವರು ಕೇರಿಗೆ ಬಾವಿ ಮಂಜೂರು ಮಾಡಿದರೆ, ಗೌಡರು “ಅದು ಅಮ್ಮನ ಹಾದಿ ಐತ್ರಿ ಮೇಷ್ಟ್ರ, ಅಲ್ಲಿ ಅಗೀಬಾರ್ದು” ಎಂದು ತಡೆದರು. ಹಾದಿ ದೇವಿಯದು; ಪಕ್ಕದ ಹೊಲ ಮಾತ್ರ ಗೌಡರದು.

ಹಾದಿಯೇ ಸುಳ್ಳೆಂದು ತೋರಿಸಲು ಕಲ್ಲಿಗೆ, ತೂಬಿಗೆ, ಬಾವಿಯ ಜಾಗಕ್ಕೆ ಸುಣ್ಣ ಬಳಿಸಿ, ಗೌಡರೊಡನೆ ಕೋಟೆಯೇರಿದೆ. ಬುರುಜಿನ ಮೇಲೆ ನಿಂತು, ಗೆರೆ ನೋಡಲು ತುದಿಗೆ ಕಲ್ಲು ಕಟ್ಟಿದ ತೂಕದ ದಾರವನ್ನು ಕಣ್ಣೆದುರಿಗೆ ಇಳಿಬಿಟ್ಟೆ. ಗಾಳಿಯಿರಲಿಲ್ಲ, ಹಕ್ಕಿಯ ದನಿಯೂ ಇರಲಿಲ್ಲ. ಕೆಳಗಿನ ಕಲ್ಲು, ಗೌಡರ ಮನೆ, ನನ್ನ ಮನೆ, ದೂರದ ತೂಬು, ಎಲ್ಲವೂ ಒಂದೇ ದಾರದ ಹಿಂದೆ ಸಾಲಾಗಿ ನಿಂತಿದ್ದವು. ಇಷ್ಟು ನೆಟ್ಟನೆಯ ಗೆರೆಯನ್ನು ಯಾರು, ಏತಕ್ಕಾಗಿ ಎಳೆದರು? ದಾರವನ್ನು ಮತ್ತೊಮ್ಮೆ ಇಳಿಬಿಟ್ಟು ನೋಡಿದೆ; ಗೆರೆ ಕದಲಲಿಲ್ಲ. ಬಾವಿಯ ಜಾಗವೊಂದೇ ದಾರದಿಂದ ಬಹು ದೂರದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

“ಏನ್ರಿ ಮೇಷ್ಟ್ರ, ಹಾದಿ ಐತೋ ಇಲ್ಲೋ?” ಗೌಡರು ಮೀಸೆಯೊಳಗೆ ನಕ್ಕರು.

ಇಲ್ಲವೆಂದರೆ ತತ್ತ್ವ ಉಳಿಯುತ್ತಿತ್ತು, ಊರು ನಂಬದೆ ಬಾವಿ ಹೋಗುತ್ತಿತ್ತು. ಪಂಚರ ಮುಂದೆ ನಿಂತು, “ಹಾದಿ ಇದೆ, ಕಣ್ಣಾರೆ ಕಂಡೆ. ಅದು ಗೌಡರ ನಡುಮನೆಯಲ್ಲಿ ಹಾಯುತ್ತದೆ, ನನ್ನ ನಡುಮನೆಯಲ್ಲಿ ಹಾಯುತ್ತದೆ, ಬಾವಿಯ ಕಡೆ ಸುಳಿಯುವುದಿಲ್ಲ” ಎಂದು ದೇವಿಯ ಪರವಾಗಿ ಸಾಕ್ಷಿ ನುಡಿದೆ. ಗೌಡರು ತಬ್ಬಿಬ್ಬಾದರೂ ಸೋಲಲಿಲ್ಲ. “ಹಂಗಾದ್ರ ನಿಮ್ಮ ಬೀರು ಅಡ್ಡ ಐತಲ್ರಿ? ಅಮ್ಮ ಬಳಸ್ಕಂಡು ಬಾವಿ ಮ್ಯಾಲೇ ಹೋದ್ರ?”

ಬೀರು ಸರಿಯಿತು. ಬಾವಿ ತೋಡಿದರು. ಹನುಮಕ್ಕ ಈಗ ತನ್ನ ನೀರನ್ನು ತಾನೇ ಸೇದಿಕೊಳ್ಳುತ್ತಾಳೆ.

ಮೊನ್ನೆಯ ಅಮಾವಾಸ್ಯೆಯಂದು ಎರಡೂ ಬಾಗಿಲು ತೆರೆದಿದ್ದವು. ನಾನು ಪ್ರತಿಭಟನೆಗೆಂದು ನಡುಮನೆಯಲ್ಲಿಯೇ ಪುಸ್ತಕ ಹಿಡಿದು ಕುಳಿತಿದ್ದೆ. ಅಂಗಳದ ಬೇವಿನ ಎಲೆ ಅಲುಗುತ್ತಿರಲಿಲ್ಲ. ಆದರೂ ದೀಪದ ಕುಡಿ ಮೆಲ್ಲನೆ ಹಿತ್ತಲ ಕಡೆಗೆ ಬಾಗಿತು; ತೊಡೆಯ ಮೇಲಿದ್ದ ಪುಸ್ತಕದ ಹಾಳೆಗಳು ಒಂದೊಂದಾಗಿ ಮಗುಚಿಕೊಂಡವು, ಯಾರೋ ಅವಸರವಿಲ್ಲದೆ ಓದುತ್ತಿರುವಂತೆ.

“ಒಂಚೂರು ಸರೀರಿ” ಎಂದಳು ರುದ್ರಮ್ಮ, ಪಿಸುದನಿಯಲ್ಲಿ.

ನಾನು ಎದ್ದು ಗೋಡೆಗೆ ಆತು ನಿಂತೆ. ಹೆಂಗಸರು ಬಂದಾಗ ಎದ್ದು ನಿಲ್ಲುವುದು ಸುಧಾರಿತ ಸಮಾಜದ ಸಭ್ಯತೆ. ಅದರಲ್ಲಿ ಮೂಢನಂಬಿಕೆಯೇನು ಬಂತು?