ಅತ್ತೆ ಇಳಿಸಿದ ದೀಪಗಳು

ನಮ್ಮ ಸೋದರತ್ತೆ ಕಾಲಿಟ್ಟ ಮನೆಯಲ್ಲಿ ದೀಪಗಳು ಇದ್ದ ಜಾಗದಲ್ಲಿ ಇರುವುದಿಲ್ಲ! ಕದಿಯುತ್ತಾರೆ ಅಂದುಕೊಂಡಿರಾ? ಇಳಿಸುತ್ತಾರೆ. ಸ್ಟೂಲು ಹತ್ತಿ, ವೈರು ಉದ್ದ ಮಾಡಿ, ಬಲ್ಬನ್ನು ನಮ್ಮ ಮೂಗಿನ ಮಟ್ಟಕ್ಕೆ ತಂದು ನಿಲ್ಲಿಸುತ್ತಾರೆ.

"ದೂರ ಅರ್ಧ ಆದ್ರೆ ಬೆಳಕು ನಾಲ್ಕು ಪಟ್ಟು ಮಾರಾಯ! ನಾನು ಹೇಳಿದ್ದಲ್ಲ, ಫಿಸಿಕ್ಸು."

ಬಿ.ಎಸ್ಸಿ. ಓದಿ ಅವರಿಗೊಂದು ಸೂತ್ರ ಸಿಕ್ಕಿತು, ಆರಡಿ ಎತ್ತರದ ನಮ್ಮ ಮಾವನ ಹಣೆಗೆ ಒಂದು ಖಾಯಂ ಬುಗುಟು ಸಿಕ್ಕಿತು. ನನ್ನ ಮದುವೆಯಲ್ಲಂತೂ ವಿಡಿಯೋದವನ ಲೈಟನ್ನು ಹುಡುಗಿಯ ಹತ್ತಿರ ಎಳೆಯುತ್ತಲೇ ಇದ್ದರು. ಕ್ಯಾಸೆಟ್ಟಿನಲ್ಲಿ ನನ್ನ ಹೆಂಡತಿ ಇಲ್ಲವೇ ಇಲ್ಲ. ಒಂದು ಬಿಳಿ ಪ್ರಕಾಶಕ್ಕೆ ನಾನು ತಾಳಿ ಕಟ್ಟುತ್ತಿದ್ದೇನೆ!

ಚಿಕ್ಕಮಗಳೂರಿನ ಒಂದು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಅತ್ತೆ ಸೂಪರ್‌ವೈಸರ್, ನಾನು ಲೆಕ್ಕ ಬರೆಯುವ ರೈಟರ್. ತೊಂಬತ್ತರ ದಶಕದ ಕೊನೆಗೆ ಅಲ್ಲಿಗೆ ಬೀಜ ಆರಿಸುವ ಯಂತ್ರ ಬಂತು. ಬೀಳುವ ಪ್ರತಿ ಬೀಜದ ಮೇಲೂ ಬೆಳಕು ಹಾಯಿಸಿ, ವಾಪಸು ಬಂದ ಬೆಳಕನ್ನು ಅಳೆದು, ಕಡಿಮೆಯಿದ್ದರೆ ಕೆಟ್ಟುಹೋದ ಕಪ್ಪು ಬೀಜವೆಂದು ಉಫ್ ಅಂತ ಗಾಳಿಯಲ್ಲಿ ಆಚೆ ಊದುತ್ತಿತ್ತು. ದೀಪ ಯಾಕಿಷ್ಟು ಹತ್ತಿರ ಎಂದು ಅತ್ತೆ ಕೇಳಿದ್ದಕ್ಕೆ, ಯಂತ್ರ ಕೂರಿಸಲು ಬಂದ ಎಂಜಿನಿಯರು ಅದೇ ಸೂತ್ರ ಹೇಳಬೇಕೆ! ಅತ್ತೆ ಅವನಿಗೆ ತಮ್ಮ ಊಟದ ಡಬ್ಬಿಯನ್ನೇ ಕೊಟ್ಟುಬಿಟ್ಟರು.

ಅದೇ ವಾರ ಮ್ಯಾನೇಜರು, ಮೂವತ್ತು ವರ್ಷದಿಂದ ಕೈಯಲ್ಲಿ ಬೀಜ ಆರಿಸುತ್ತಿದ್ದ ಗಿರಿಜಕ್ಕ ಆರಿಸಿ ಮುಗಿಸಿದ ತಟ್ಟೆಯಿಂದ ಹನ್ನೊಂದು ಕಪ್ಪು ಬೀಜ ಹೆಕ್ಕಿ ತೋರಿಸಿದರು.

"ಇವ್ರ ಕಣ್ಣು ಹೋಗಿದೆ. ಸೋಮವಾರದಿಂದ ಬರೋದು ಬೇಡ."

ಗಿರಿಜಕ್ಕನ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಇನ್ನು ಬ್ರಹ್ಮ ಬಂದರೂ ಅವರು ಕೇಳುವುದಿಲ್ಲ!

"ಮಿಷಿನ್ನಿಗೆ ಗೇಣು ದೂರದಲ್ಲಿ ದೀಪ ಇಟ್ಟಿದೀರಿ ಸರ್, ಇವ್ರಿಗೆ ಹನ್ನೆರಡಡಿ ಮೇಲೆ! ಅದಕ್ಕೆ ಕೊಟ್ಟ ಬೆಳಕು ಇವ್ರಿಗೂ ಕೊಡಿ, ಆಮೇಲೆ ಪರೀಕ್ಷೆ ಮಾಡಿ."

"ವೈರಿಂಗ್ ಯಾರು ಮಾಡ್ತಾರೆ?"

"ನಮ್ಮ ನೆಂಟರ ಮನೆಗಳಲ್ಲೆಲ್ಲ ಯಾರು ಮಾಡಿದ್ದು?"

ಭಾನುವಾರ ಮೇನ್ ಆಫ್ ಮಾಡಿ ಅತ್ತೆ ಏಣಿ ಹತ್ತಿದರು. ನಾನು ಏಣಿ ಹಿಡಿದೆ. ಮಾವ ಅನುಭವಸ್ಥರು, ತಲೆ ತಗ್ಗಿಸಿಕೊಂಡೇ ಓಡಾಡಿದರು.

ಸೋಮವಾರ ಮ್ಯಾನೇಜರು ಗಿರಿಜಕ್ಕನ ತಟ್ಟೆಯನ್ನು ಎರಡು ಸಲ ಕೆದಕಿದರು. ಒಂದೇ ಒಂದು ಕಪ್ಪು ಬೀಜ ಸಿಗಲಿಲ್ಲ. "ಸರಿ, ಇರ್ಲಿ ಇವ್ರು" ಎಂದು ಗೊಣಗಿ ಹೋದರು. ಗೆದ್ದ ಖುಷಿಯಲ್ಲಿ ಅತ್ತೆ ಎಲ್ಲರಿಗೂ ಸೂತ್ರ ಬಿಡಿಸಿ ಹೇಳತೊಡಗಿದರು. ಗಿರಿಜಕ್ಕ ಮಾತ್ರ ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಿದ್ದರು.

"ಅಮ್ಮಾ, ಇಷ್ಟು ವರ್ಷ ಜೊತೇಲಿದ್ರೂ ನಂಗೆ ಕಂಡೇ ಇರ್ಲಿಲ್ಲ. ನಿಮ್ಮ ತಲೇನೂ ಬೆಳ್ಳಗಾಗಿದ್ಯಲ್ಲ!"

ಅತ್ತೆ ಸೂತ್ರವನ್ನು ಅರ್ಧಕ್ಕೇ ಬಿಟ್ಟರು. ಬೆಂಚಿನ ಮೇಲೆ ಗಿರಿಜಕ್ಕನ ಪಕ್ಕ ಕೂತು, ಕಾಫಿ ಹೊಟ್ಟು ಮೆತ್ತಿದ ಆ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಕೆಲಸದ ಗಂಟೆ ಹೊಡೆದರೂ ಬಿಡಲಿಲ್ಲ.